ಕೆಂಡದ ಮೇಲಿನ ಹೊರಸು

ನಾನು ಒಂದು ಹೊರಸು. ಜಾಲಿ ಮರದ ನಾಲ್ಕು ಕಾಲು, ಪುಂಡಿನಾರಿನ ಹಗ್ಗದ ಮೈ. ಬಡಿಗ ನನ್ನನ್ನು ಮಾಡಿದ್ದು ಗೊರಕೆ ಹೊಡೆಯುವವರಿಗಲ್ಲ, ನೇಕಾರ ಓಣಿಯ ಬಾಣಂತಿಯರಿಗೆ. ಯಾರ ಮನೆಯಲ್ಲಿ ಹೆರಿಗೆಯಾದರೂ ನನ್ನನ್ನು ಹೊತ್ತುಕೊಂಡು ಹೋಗುತ್ತಿದ್ದರು. ಕಿಟಕಿ ಮುಚ್ಚಿದ ಕೋಣೆ, ಮೇಲೆ ತಾಯಿ ಮಗು, ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ. ಬಾಣಂತಿಯ ಮೈ ಕಾಸಬೇಕಲ್ಲ! ನನ್ನ ಹೊಟ್ಟೆ ಸುಟ್ಟು ಕರಕಾದದ್ದನ್ನು ಯಾರೂ ಕೇಳಲಿಲ್ಲ. ನನ್ನ ಮಾತು ಖಾರವಾಗಿದ್ದರೆ ಅದಕ್ಕೇ.

ಮೊದಲು ಬಂದವಳು ಹಂಪವ್ವ. ಹೆಣ್ಣು ಹೆತ್ತಿದ್ದಳು. ಐದನೇ ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದಳು. ಮಗು ಅತ್ತರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವಳ ಕಣ್ಣೀರು ಕೌದಿಯ ಅಂಚು ದಾಟಿ, ನನ್ನ ಹಗ್ಗದ ಸಂದಿಯಿಂದ ಇಳಿದು ಕೆಂಡಕ್ಕೆ ಬೀಳುತ್ತಿತ್ತು. ಚುರ್.

ಅವಳು ನಡುಗುವುದನ್ನು ಹೆಂಗಸರು ಕಂಡರು. "ಥಂಡಿ ಹೊಕ್ಕೈತಿ. ಇನ್ನಷ್ಟು ಕೆಂಡ ಹಾಕ್ರಿ" ಅಂದರು. ಹಾಕಿದರು. ಗಾಳಿ ಸೋಕದಿರಲೆಂದು ದಿಂಬಿನ ಕೆಳಗೆ ಕುಡುಗೋಲು ಇಟ್ಟರು. ಗಂಡ? ಬಾಣಂತಿ ಕೋಣೆಗೆ ಗಂಡಸು ಕಾಲಿಡಬಾರದಂತೆ. ತೊಟ್ಟಿಲು ಹಾಕುವ ದಿನ ಬಂದ, ಪೇಢೆ ಹಂಚಿದ, ಹೋದ. ಮಗುವನ್ನು ಅದೇ ಓಣಿಯಲ್ಲಿದ್ದ ಹಂಪವ್ವನ ಅಕ್ಕ ಎತ್ತಿಕೊಂಡು ಹೋಗಿ ಸಾಕಿದಳು. ಹಂಪವ್ವ ಎದ್ದಳು, ರೊಟ್ಟಿ ಬಡಿದಳು, ನೂಲು ಸುತ್ತಿದಳು. ನಗಲಿಲ್ಲ. ಆ ಹುಡುಗಿ ಸಾಕಿದವಳನ್ನು ಅವ್ವ ಎಂದಳು, ಹಡೆದವಳನ್ನು ಚಿಗವ್ವ ಎಂದಳು. ನನಗೆ ಬಾಯಿ ಇದ್ದಿದ್ದರೆ ಇಡೀ ಓಣಿಯನ್ನು ಬೈದು ಹಾಕುತ್ತಿದ್ದೆ.

ಆಮೇಲೆ ಎಷ್ಟೋ ಮನೆ ತಿರುಗಿದೆ. ಹಗ್ಗ ಸಡಿಲಾಯಿತು, ಮತ್ತೆ ಬಿಗಿದರು. ಒಂದು ವರ್ಷ ಶಾಕಂಬರಿ ಬಂದಳು, ತವರಿಗೆ ಬಂದ ಚೊಚ್ಚಲ ಬಾಣಂತಿ. ಆರನೇ ದಿನ ಅದೇ ಗೋಡೆ ಕಡೆ ಮುಖ. ಅದೇ ಚುರ್. ಇನ್ನೊಬ್ಬ ಹಂಪವ್ವನನ್ನು ಹೊರುವ ಶಕ್ತಿ ನನಗಿರಲಿಲ್ಲ.

ಒಂದು ಮಧ್ಯಾಹ್ನ ಕೆಂಡ ತರುವಾಗ ಅವಳ ತಾಯಿ ಗಂಗವ್ವ ಕೈ ಸುಟ್ಟುಕೊಂಡಳು. ಕಟ್ಟೆಯ ಮೇಲೆ ಕೂತಿದ್ದ ಶಾಕಂಬರಿಯ ಗಂಡ ರಾಮಲಿಂಗ ಎದ್ದು ಬಂದು ಅಗ್ಗಿಷ್ಟಿಗೆ ಎತ್ತಿಕೊಂಡು ಸೀದಾ ಕೋಣೆಗೆ ನುಗ್ಗಿದ. ಬಾಗಿಲಲ್ಲಿದ್ದ ಹೆಂಗಸರು ಕಿಸಕ್ಕೆಂದರು.

"ಅಳಿಯಾರ, ನಿಮ್ಮ ತಲಿಗೂ ಒಂದು ಬಾಣಂತಿ ಕುಂಚಿಗಿ ಕಟ್ಟೂಣೇನು?"

ಅವನು ಬಗ್ಗಿ ಕೆಂಡವನ್ನು ನನ್ನ ಕೆಳಗೆ ತಳ್ಳಿದ. ಚುರ್. ತಾರಸಿ ನೋಡಿದ, ಸೋರಿರಲಿಲ್ಲ. ಮತ್ತೆ ಚುರ್. ಆಗ ನೆಲಕ್ಕೆ ಒರಗಿ, ಕೆಂಡದ ಮೇಲೆ ಅಂಗೈ ಒಡ್ಡಿದ. ಹನಿ ಅಂಗೈಗೆ ಬಿತ್ತು.

"ಶಾಕೀ, ಇದು ಎಷ್ಟು ದಿನದಿಂದ?"

ಅವಳು ಗೋಡೆ ನೋಡುತ್ತಲೇ ಅಂದಳು, "ಈ ಕೂಸು ನನ್ನದು ಅನ್ನಿಸವಲ್ದುರಿ. ನಾ ಸತ್ತರ ಇದಕ್ಕ ಚಲೋ ಆಗತೈತಿ."

"ಅಯ್ಯ, ಸನ್ನಿ ಹಿಡೀತು! ಕೆಂಡ ಹೆಚ್ಚು ಮಾಡ್ರಿ!" ಗಂಗವ್ವ ಕೂಗಿದಳು.

ರಾಮಲಿಂಗ ಅಗ್ಗಿಷ್ಟಿಗೆಯನ್ನೇ ಹೊರಗೆಳೆದ. ಕಿಟಕಿ ತೆಗೆದ. "ಇದು ಥಂಡಿ ಅಲ್ಲರಿ ಅತ್ತೀ, ಒಳಗಿನ ಬ್ಯಾನಿ. ಡಾಕ್ಟರ ಕಡೆ ಕರ್ಕೊಂಡು ಹೊಂಟೀನಿ. ಕೂಸು ನನ್ನ ಕೈಗೆ ಕೊಡ್ರಿ."

ಡಾಕ್ಟರು ಗುಳಿಗೆ ಕೊಟ್ಟರು, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿದರು. ರಾಮಲಿಂಗ ಮಗ್ಗ ನಿಲ್ಲಿಸಿ ಅತ್ತೆಮನೆಯಲ್ಲೇ ಉಳಿದ. ಕೂಸಿನ ಬಟ್ಟೆ ಒಗೆದ, ಹೆಗಲ ಮೇಲೆ ಹಾಕಿಕೊಂಡು ತಿರುಗಿದ. ಓಣಿ ಅವನಿಗೆ ಗಂಡುಬಾಣಂತಿ ಎಂದು ಹೆಸರಿಟ್ಟಿತು. ಇಡಲಿ, ಮುಠ್ಠಾಳರು! ಮೂರನೇ ತಿಂಗಳು ಕೂಸು ಅವನ ಹೊಸ ಅಂಗಿಯ ಮೇಲೆ ಉಚ್ಚೆ ಹೊಯ್ದಾಗ ಶಾಕಂಬರಿ, "ಹಂಗ ಆಗಬೇಕು ನಿಮಗ" ಎಂದು ನಕ್ಕಳು. ಆಮೇಲೆ ಕೂಸನ್ನು ತಾನೇ ಕೈಗೆ ತೆಗೆದುಕೊಂಡಳು.

ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಿ. ನಾನು ಹಂಪವ್ವನ ಹಿತ್ತಲಲ್ಲಿ ಬಿದ್ದಿದ್ದೇನೆ. ಅವಳೂ ಮುದುಕಿ, ನಾನೂ ಮುದುಕ. ಬಿಸಿಲು ಕಾಯಲು ದಿನಾ ನನ್ನ ಮೇಲೆ ಕೂರುತ್ತಾಳೆ. ಮಗಳು ಬಂದು ರೊಟ್ಟಿಯ ತಟ್ಟೆ ಇಡುತ್ತಾಳೆ.

"ಚಿಗವ್ವ, ಉಣ್ಣು" ಎಂದು ಹೇಳಿ ಹೋಗುತ್ತಾಳೆ.

ಅವಳು ಹೋದ ಮೇಲೆ ಹಳೆಯ ಹಗ್ಗದ ಸಂದಿಯಿಂದ ಒಂದು ಹನಿ ಇಳಿಯುತ್ತದೆ. ಕೆಳಗೆ ಕೆಂಡವಿಲ್ಲ, ಬರೀ ಮಣ್ಣು. ಸದ್ದಾಗುವುದಿಲ್ಲ.