ಎಲ್ಲಿಗೆ ಎಂದು ಕೇಳಬಾರದು

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ತಗಡೂರಿನ ಕೆಂಪಾಜಮ್ಮನ ಮನೆಯಲ್ಲಿ ಈ ಮಾತಿಗೆ ಎರಡಿಲ್ಲ. ಕೇಳಲೇಬೇಕೆಂದರೆ ‘ದೂರ ಹೊರಟ್ರಾ’ ಅನ್ನಬೇಕು. ಯಾರಾದರೂ ಬಾಯಿತಪ್ಪಿ ಕೇಳಿಬಿಟ್ಟರೆ, ಹೊರಟವರು ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು.

ಮೊಮ್ಮಗಳು ಇಂದ್ರಾಣಿ ಇದನ್ನು ಅಜ್ಜಿಗಿಂತ ಹೆಚ್ಚಾಗಿ ನಂಬಿದಳು. ಅಜ್ಜಿ ಕೂತೆದ್ದು ಹೋಗುತ್ತಿದ್ದಳು. ಇಂದ್ರಾಣಿ ಕೂತರೆ ಏಳುತ್ತಿರಲಿಲ್ಲ. ಬಿ.ಎಡ್.ಗೆ ಅರ್ಜಿ ಹಾಕಲು ಹೊರಟ ದಿನ ಬೀದಿಯಲ್ಲಿ ಯಾರೋ ಕೇಳಿದರೆಂದು ಒಳಗೆ ಬಂದು ಕೂತವಳು, ಸೀಟು ಸಿಗದಿದ್ದರೆ, ಸಿಕ್ಕಿಯೂ ಪಾಸಾಗದಿದ್ದರೆ, ಪಾಸಾಗಿಯೂ ಕೆಲಸವಾಗದಿದ್ದರೆ ಎಂದು ಒಂದರ ಬಾಲಕ್ಕೆ ಇನ್ನೊಂದನ್ನು ಗಂಟು ಹಾಕುತ್ತ ಸಂಜೆ ಮಾಡಿದ್ದಳು. ಅಲ್ಲಿಗೆ ಓದು ಮುಗಿದಿತ್ತು.

ಇಪ್ಪತ್ತೇಳನೇ ವಯಸ್ಸಿಗೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸ ಸಿಕ್ಕಿತು. ಟ್ರೇನಿಂಗ್ ಮುಗಿದು ಒಬ್ಬಳೇ ಬ್ಯಾಗು ಹಾಕಿಕೊಳ್ಳುವ ಮೊದಲ ದಿನ, ಬೆಳಗಿನ ಐದೂವರೆಗೆ ಹೊಸಿಲು ದಾಟಿದ್ದೇ ತಡ, ಪಕ್ಕದ ಮನೆಯ ದೇವಯ್ಯ ಬೇವಿನಕಡ್ಡಿ ಅಗಿಯುತ್ತಲೇ, ಎಲ್ಲಿಗವ್ವ ಇಷ್ಟೊತ್ಗೆ ಎಂದುಬಿಟ್ಟ. ಡ್ಯೂಟಿ ಶುರುವಾಗುವ ನಂಜನಗೂಡಿಗೆ ಹೋಗುವ ಬಸ್ಸು ಆಗಲೇ ಹಾರನ್ ಹೊಡೆಯುತ್ತಿತ್ತು. ಹಿಂದಿರುಗಿ ಕೂರಲು ಹೊತ್ತಿರಲಿಲ್ಲ. ಆ ದಿಗಿಲು ಅವಳ ಜೊತೆಗೇ ಬಸ್ಸು ಹತ್ತಿತು.

ಅವಳ ಡ್ಯೂಟಿ ನಂಜನಗೂಡಿನಿಂದ ಅದೇ ತಗಡೂರು, ಮೂಗೂರು ಸುತ್ತಿ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ. ಡ್ರೈವರ್ ಪುಟ್ಟಸ್ವಾಮಿ ಊದುಬತ್ತಿ ಹಚ್ಚಿ ಹೊರಡಿಸಿದ. ಇಂದ್ರಾಣಿ ಟಿಕೆಟ್ ಮಷಿನ್ ಹಿಡಿದು ಮುಂದಿನ ಸೀಟಿನ ಯಜಮಾನನ ಎದುರು ನಿಂತಳು. ಕೇಳಬೇಕಾದ್ದು ಎಲ್ಲಿಗೆ ಎಂದು. ಟ್ರೇನಿಂಗಿನಲ್ಲಿ ಹಿರಿಯ ಕಂಡಕ್ಟರ್ ಕೇಳುತ್ತಿದ್ದ, ಇವಳು ಬರೀ ಒತ್ತುತ್ತಿದ್ದಳು. ತನ್ನ ಕೆಲಸವೇ ದಿನವಿಡೀ ಆ ಕೇಳಬಾರದ ಮಾತು ಕೇಳುವುದು ಎಂದು ಅವಳಿಗೆ ಹೊಳೆದದ್ದು ಆಗಲೇ.

“ದೂರಾನಾ?” ಎಂದಳು.

“ದೂರಾನೋ ಅತ್ರಾನೋ, ನಿನ್ ಮಿಸಿನ್ಗೆ ಊರೆಸ್ರು ಬ್ಯಾಡ್ವೇನವ್ವ?”

ಸುತ್ತಲಿನವರು ನಕ್ಕರು. ಇಂದ್ರಾಣಿ ಸೀಟುಗಳ ಮೇಲೆ ಕಣ್ಣಾಡಿಸಿದಳು. ಐವತ್ತು ಜನ. ಐವತ್ತು ಸಲ ಕೇಳಿದರೆ ಈ ಬಸ್ಸು ಊರು ಮುಟ್ಟುತ್ತದೆಯೇ? ಎಡಕ್ಕೆ ನಾಲೆ ಕಾಣುತ್ತಿತ್ತು, ತುಂಬಿ ಹರಿಯುತ್ತಿತ್ತು. ಅವಳ ಕಣ್ಣಿಗೆ ಬಸ್ಸು ಆಗಲೇ ಅದರೊಳಗೆ ಮಗುಚಿ ಬಿದ್ದಿತ್ತು. ಎಲ್ಲರನ್ನೂ ಎಲ್ಲಿಗೆ ಅಂದವಳು ಇವಳೇ ಎಂದು ದಡದ ಮೇಲೆ ಜನ ಕೈ ತೋರಿಸುತ್ತಿದ್ದರು.

ಉಪಾಯವೊಂದು ಹೊಳೆಯಿತು. ‘ಯಾವೂರು’ ಎಂದು ಕೇಳತೊಡಗಿದಳು. ಮಡಿಲಲ್ಲಿ ಮಗು ಇಟ್ಟುಕೊಂಡ ಹೆಂಗಸು ತಾಂಡವಪುರ ಎಂದಳು. ಹೆಂಗಸರಿಗೆ ದುಡ್ಡಿಲ್ಲದ ಪ್ರಯಾಣವಾದರೂ ಊರು ಒತ್ತಿ ಚೀಟಿ ಕೊಡಲೇಬೇಕು. ಒತ್ತಿದಳು, ಹುಡುಕಿದಳು, ಈ ದಾರಿಯಲ್ಲಿ ಆ ಊರೇ ಇಲ್ಲ. ಅದಿರುವುದು ಮೈಸೂರು ರಸ್ತೆಯಲ್ಲಿ. ಬೇರೆ ದಾರಿಯವಳನ್ನು ಹತ್ತಿಸಿಕೊಂಡೆನೇ ಎಂದು ಗಾಬರಿಯಿಂದ ಅವಳನ್ನೇ ಕೇಳಿದಳು.

“ಉಟ್ಟುದ್ದು ತಾಂಡವಪುರ ಕಣಕ್ಕ,” ಎಂದಳು ಹೆಂಗಸು. “ಕೊಟ್ಟಿರದು ಮೂಗೂರ್ಗೆ. ನೀನು ಯಾವೂರು ಅಂದ್ಯಲ್ಲ.”

ಆಮೇಲೆ ಎಲ್ಲವೂ ಗೋಜಲಾಯಿತು. ಒಬ್ಬರು ತವರು ಹೇಳಿದರು, ಒಬ್ಬರು ಗಂಡನೂರು ಹೇಳಿದರು. ಟಿಕೆಟ್ ಮುಗಿಯದೆ ಮುಂದಿನ ಸ್ಟೇಜು ದಾಟುವಂತಿಲ್ಲವೆಂದು ಪುಟ್ಟಸ್ವಾಮಿ ಬಸ್ಸನ್ನು ನಾಲೆಯ ಮಗ್ಗುಲಲ್ಲೇ ನಿಲ್ಲಿಸಿದ. ಕೆಲಸಕ್ಕೆ ಹೊತ್ತಾಯಿತೆಂದು ಹಿಂದಿನಿಂದ ಗೊಣಗಾಟ ಎದ್ದಿತು. ಪುಟ್ಟಸ್ವಾಮಿ ಬೈಯಲಿಲ್ಲ, ಕನ್ನಡಿಯಲ್ಲಿ ನೋಡಿದ ಅಷ್ಟೆ. ಆ ನೋಟವೇ ಅವಳಿಗೆ ಸಾಕಾಯಿತು. ಇವತ್ತೇ ಹೀಗಾದರೆ ನಾಳೆ? ನಾಳಿದ್ದು? ಇನ್ನು ಮೂವತ್ತು ವರ್ಷ? ತಗಡೂರು ಬರಲಿ, ಬ್ಯಾಗು ಮಷಿನ್ ಎರಡನ್ನೂ ಡ್ರೈವರ್ ಕೈಗೆ ಕೊಟ್ಟು ಇಳಿದು ಮನೆಗೆ ನಡೆದುಬಿಡುತ್ತೇನೆ ಎಂದು ತೀರ್ಮಾನಿಸಿದಳು.

ಹೇಗೋ ಟಿಕೆಟ್ ಮುಗಿದು ಬಸ್ಸು ಹೊರಟು ತಗಡೂರು ಬಂತು. ಬ್ಯಾಗಿನ ಪಟ್ಟಿ ಕಳಚಲು ಕೈ ಹಾಕಿದಳು. ಅಷ್ಟರಲ್ಲಿ ಹೊಸದಾಗಿ ಹತ್ತಿದವರ ಹಿಂದೆ, ಬಾಗಿಲ ಕಂಬಿ ಹಿಡಿದು ಏದುಸಿರು ಬಿಡುತ್ತ ಕೆಂಪಾಜಮ್ಮ ಹತ್ತಿದಳು. ಮೊಮ್ಮಗಳನ್ನು ಗುರುತೇ ಇಲ್ಲದವಳಂತೆ ಆಗಷ್ಟೇ ಖಾಲಿಯಾದ ಮೊದಲ ಸೀಟಿನಲ್ಲಿ ಕೂತು, ಎಲೆಯಡಿಕೆ ಚೀಲದಿಂದ ಆಧಾರ್ ಕಾರ್ಡು ತೆಗೆದು ಹಿಡಿದಳು.

ಇಂದ್ರಾಣಿ ಕಾರ್ಡು ಇಸಕೊಂಡು ತಿರುಗಿಸಿ ನೋಡಿ ವಾಪಸ್ ಕೊಟ್ಟಳು. ಅಜ್ಜಿ ಚೀಟಿಗೆ ಕೈ ಚಾಚಿದಳು. ಬಸ್ಸು ಗುರುಗುಟ್ಟುತ್ತ ನಿಂತಿತು.

ಕೊನೆಗೆ, ಯಾರಿಗೂ ಕೇಳದಷ್ಟು ಮೆಲ್ಲಗೆ, “ಎಲ್ಲಿಗಜ್ಜಿ?” ಎಂದಳು.

“ಗಟ್ಟಿಯಾಗ್ ಕೇಳು. ಕಿವಿ ಮಂದ ನಂಗೆ.”

“ಎಲ್ಲಿಗಜ್ಜಿ?”

“ನರಸೀಪುರುಕ್ಕೆ.” ಚೀಟಿ ಇಸಕೊಂಡು ಕೆಂಪಾಜಮ್ಮ ಮೆಲ್ಲಗೆ ಹೇಳಿದಳು: “ದೇವಯ್ಯ ಕೇಳುದ್ದು ನಂಗೂ ಕೇಳುಸ್ತು ಮಗ. ಕೇಳುಸ್ಕಂಡೋರು ಒಂದ್ಗಳಿಗೆ ಕೂತು ಎದ್ದೋದ್ರೆ ದೋಸ ಇಲ್ಲ ಅಂತ ಏಳಿರ್ನಿಲ್ವಾ? ನೋಡು, ಬಸ್ಸಲ್ಲಿ ಎಲ್ರೂ ಕೂತೇ ಅವ್ರೆ. ಕೇಳ್ಕಂಡು ಓಗು.”

“ನಿಂತಿರೋರ್ ಗತಿ ಏನಜ್ಜಿ?” ಎಂದ ಕಂಬಿ ಹಿಡಿದಿದ್ದ ಒಬ್ಬ.

“ನಿನ್ನ ಕೂರ್ಸಕ್ಕೆ ನಾನೇನ್ ನಿಮ್ಮತ್ತೆನಾ? ಊರೇಳು ಮೊದ್ಲು.”

ಬಸ್ಸೆಲ್ಲ ನಕ್ಕಿತು. ಆ ನಗೆಯ ಮರೆಯಲ್ಲೇ ಇಂದ್ರಾಣಿ ಪಟ್ಟಿಯನ್ನು ಮತ್ತೆ ಹೆಗಲಿಗೇರಿಸಿ ಅವನನ್ನು ಕೇಳಿದಳು. ಆಮೇಲೆ ಅವನ ಪಕ್ಕದವನನ್ನು. ಪ್ರತಿ ಸಲವೂ ನಾಲೆ ಕಣ್ಣ ಮುಂದೆ ಬಂತು, ಪ್ರತಿ ಸಲವೂ ಬಸ್ಸು ಅದರ ಪಕ್ಕದಲ್ಲೇ ಹೋಯಿತು. ಮೂಗೂರಿನಲ್ಲಿ ತಾಂಡವಪುರದ ಹೆಂಗಸು ಇಳಿಯುವಾಗ ಮಗುವಿನ ಕೈ ಹಿಡಿದು ಟಾಟಾ ಮಾಡಿಸಿದಳು. ನರಸೀಪುರದಲ್ಲಿ ಎಲ್ಲರೂ ಇಳಿದರು; ಕೆಂಪಾಜಮ್ಮ ಮಾತ್ರ ಇಳಿಯಲಿಲ್ಲ.

ವಾಪಸ್ ಟ್ರಿಪ್ಪಿಗೆ ಜನ ಹತ್ತತೊಡಗಿದರು. ಇಂದ್ರಾಣಿ ಮಷಿನ್ ಎತ್ತಿಕೊಂಡಳು. ಮೊದಲ ಸೀಟಿನಿಂದಲೇ ಶುರುಮಾಡಿದಳು.

“ಎಲ್ಲಿಗೆ?”

“ಮನ್ಗೆ ಕಣವ್ವ,” ಎಂದಳು ಕೆಂಪಾಜಮ್ಮ. “ರಾಗಿ ಬಿಸ್ಲಿಗಾಕಿ ಅಂಗೇ ಬಂದಿವ್ನಿ. ಇಷ್ಟೊತ್ಗೆ ಕೋಳಿಗ್ಳು ಅರ್ಧ ಮುಗ್ಸಿರ್ತವೆ. ಬಿರ್ನೆ ರೈಟ್ ಅನ್ನು.”