ಮಡಚದ ಬೆರಳು

ಪ್ಲಾಸ್ಟರ್ ಬಿಚ್ಚಿದ ಮೇಲೂ ಮೆರ್ಯೆಯ ಬಲಗೈ ಬೆರಳುಗಳು ಮಡಚಲಿಲ್ಲ. ಕರಕೋಲ್ ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಗಂಡ ಇಸ್ಮಾರನದು ಒಂದು ಊಟದಂಗಡಿ. ಅಲ್ಲಿಯ ಲಗ್ಮನ್ ಎಂಬ ಉದ್ದೆಳೆಯ ಶಾವಿಗೆ ತಿನ್ನಲು ಸರೋವರದ ಆಚೆ ದಡದಿಂದಲೂ ಜನ ಬರುತ್ತಿದ್ದರು. ಹಿಟ್ಟನ್ನು ಹಗ್ಗದಂತೆ ಹೊಸೆದು, ಎರಡೂ ಕೈಗೆ ಸುತ್ತಿ, ಹಲಗೆಗೆ ಬಡಿದು ಬಡಿದು ಎಳೆ ತೆಗೆಯುವುದು ಆ ಮನೆಯ ಸೊಸೆಯ ಪಾಲಿನ ಕೆಲಸ. ಮದುವೆಯಾಗಿ ಬಂದ ಹೊಸತರಲ್ಲೇ ಹಲಗೆಯ ಮುಂದೆ ನಿಂತ ಮೆರ್ಯೆ ಅಲ್ಲಿಂದ ಸರಿದದ್ದು, ಹಿತ್ತಲಿನ ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಾಗಲೇ. ಅವಳ ಜಾಗಕ್ಕೆ ಅತ್ತೆ ಜುಬೇರಾ ಮತ್ತೆ ಬಂದು ನಿಂತಳು.

ಆಸ್ಪತ್ರೆಯಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಬುರುಲ್ ಅವಳ ಅಂಗೈಗೆ ಒಂದು ರಬ್ಬರ್ ಚೆಂಡು ಇಟ್ಟಳು.

"ಒತ್ತು. ನೋವಾದ್ರೂ ಒತ್ತು. ಮನೇಲೂ ಒತ್ತು, ಇಲ್ಲಿಗೂ ಬರ್ತಾ ಇರು."

ಆ ಕೋಣೆಯಲ್ಲಿ ಹೀಟರಿನ ಸುತ್ತ ಕುರ್ಚಿಗಳು. ಎಲ್ಲರ ಕೈಯಲ್ಲೂ ಒಂದೊಂದು ಚೆಂಡು. ಪಕ್ಕದ ಕುರ್ಚಿಯ ರೈಸಾ ಶಾಲೆಯಲ್ಲಿ ಪಾಠ ಹೇಳುವವಳು. ಅವಳ ಕೈಗೆ ಏನೂ ಆಗಿರಲಿಲ್ಲ, ನರಗಳ ಕಾಟ. ಸಿಟ್ಟು ಬಂದಾಗ ಒತ್ತಲೆಂದು ವೈದ್ಯರು ಚೆಂಡು ಬರೆದುಕೊಟ್ಟಿದ್ದರು.

"ಇದು ನಮ್ಮ ಹೆಡ್‌ಮಾಸ್ಟರ ಕುತ್ತಿಗೆ ಕಣೇ," ಅಂದಳು ರೈಸಾ, ಚೆಂಡು ಹಿಸುಕುತ್ತಾ. "ನಿಂದು ಯಾರ ಕುತ್ತಿಗೆ?"

"ನಂದು ಬರೀ ಚೆಂಡು."

"ಅಯ್ಯೋ ಪಾಪ. ಯೋಚನೆ ಮಾಡು, ಯಾರಾದ್ರೂ ಸಿಗ್ತಾರೆ."

ಮೆರ್ಯೆ ನಕ್ಕುಬಿಟ್ಟಳು. ಮನೆಯ ಹೊರಗೆ ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ಇಲ್ಲಿ ಯಾರೂ ಅವಳಿಂದ ತಟ್ಟೆ ಕೇಳುತ್ತಿರಲಿಲ್ಲ. ವಾಪಸಾಗುವಾಗ ಅವಳು ಬೇಕೆಂದೇ ಸುತ್ತುದಾರಿ ಹಿಡಿದು, ಪಾಪ್ಲರ್ ಮರಗಳ ಕೆಳಗೆ ನಿಧಾನಕ್ಕೆ ನಡೆಯುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ಅವಳ ಬಲಗೈಯಲ್ಲಿ ಸಲೀಸಾಗಿ ತಿರುಗಿತು. ಮೆರ್ಯೆ ಬೆಚ್ಚಿ ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ಮುಚ್ಚಳವನ್ನು ಮತ್ತೆ ಬಿಗಿ ಮಾಡಿ, ಗಂಡನನ್ನು ಕರೆದು ತೆಗೆಸಿಕೊಂಡಳು.

ಅಂದಿನಿಂದ ಮನೆಯಲ್ಲಿ ಅವಳ ಕೈ ಜೋತುಬಿದ್ದೇ ಇರುತ್ತಿತ್ತು. ಚಮಚ ಹಿಡಿಯುವಾಗಲೂ ಎಚ್ಚರ, ನಿದ್ದೆಯಲ್ಲಿ ಮುಷ್ಟಿ ಕಟ್ಟಿಬಿಟ್ಟೇನೋ ಎಂಬ ಭಯ. ಹಲಗೆಯಿಂದ ತಪ್ಪಿಸಿಕೊಳ್ಳಲು ಹೋಗಿ ತನ್ನ ಕೈಯನ್ನೇ ಕಾವಲು ಕಾಯುವಂತಾಯಿತು.

ಹಿಡಿತ ಅಳೆಯುವ ಯಂತ್ರವನ್ನು ಅವಳು ಮೆತ್ತಗೆ ಒತ್ತಿದ ದಿನ ಬುರುಲ್ ಮುಳ್ಳು ನೋಡಿದಳು, ಆಮೇಲೆ ಅವಳ ಮುಖ ನೋಡಿದಳು.

"ನಿನ್ನ ತೋಳು ಗಟ್ಟಿಯಾಗಿದೆ, ಮುಳ್ಳು ಮಾತ್ರ ಮೇಲೇಳ್ತಿಲ್ಲ. ನನ್ನ ಹತ್ರ ಆಟ ಆಡ್ಬೇಡ ಮೆರ್ಯೆ."

ಮೆರ್ಯೆ ತಲೆ ತಗ್ಗಿಸಿ, ತೋಳಿನಿಂದ ಕಣ್ಣೊರೆಸಿಕೊಂಡಳು.

"ವಸಂತದ ನೌರುಜ್ ಹಬ್ಬದವರೆಗೂ ಬಾ. ಆಮೇಲೆ ಕುರ್ಚಿ ಬೇರೆಯವ್ರಿಗೆ ಬೇಕು. ಕೈ ವಾಸಿಯಾಗಿದ್ದಕ್ಕೆ ಅಳೋರನ್ನ ನಾನು ನೋಡಿರ್ಲಿಲ್ಲ."

ಅಂದು ಆಸ್ಪತ್ರೆಯಲ್ಲಿ ಕರೆಂಟ್ ಹೋಗಿ ಎಲ್ಲರನ್ನೂ ಬೇಗ ಕಳಿಸಿದರು. ಮೆರ್ಯೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಅಡುಗೆಮನೆಯ ಮೂಲೆಯಲ್ಲಿ ಜುಬೇರಾ ಮಣೆಯ ಮೇಲೆ ಕೂತಿದ್ದಳು. ಒಂದು ಕೈ ಬಿಸಿ ಉಪ್ಪುನೀರಿನ ಬೋಗುಣಿಯಲ್ಲಿ, ಇನ್ನೊಂದರಲ್ಲಿ ಸೊಸೆ ಮನೆಯಲ್ಲಿ ಬಿಟ್ಟುಹೋದ ಚೆಂಡು. ಊದಿದ ಗೆಣ್ಣುಗಳು ಶುಂಠಿಯ ಹಾಗಿದ್ದವು. ಅವಳು ಹಲ್ಲು ಕಚ್ಚಿ ಒತ್ತುತ್ತಿದ್ದಳು. ಚೆಂಡು ಒಂದಿಷ್ಟೂ ತಗ್ಗಲಿಲ್ಲ.

"ಬಂದ್ಯಾ," ಅಂದಳು ಅತ್ತೆ, ಚೆಂಡನ್ನು ಲಂಗದ ಮಡಿಕೆಯಡಿ ಸರಿಸುತ್ತಾ. "ಇಷ್ಟು ಗಟ್ಟಿ ಇರತ್ತೆ ಅಂತ ಗೊತ್ತಿರ್ಲಿಲ್ಲ. ಇಸ್ಮಾರ್‌ಗೆ ಹೇಳ್ಬೇಡ. ಅಂಗಡಿ ಮುಚ್ಚೋಣ ಅಂತಾನೆ, ಆಮೇಲೆ ಅವನೇ ಕೊರಗ್ತಾನೆ."

"ಯಾವಾಗಿಂದ ಅತ್ತೆ?"

"ನೀನು ಹುಟ್ಟೋಕೂ ಮುಂಚಿಂದ. ನೀನು ಬಂದಾಗ, ಇನ್ನು ಬಿಡುಗಡೆ ಅಂದ್ಕೊಂಡೆ. ನಾನು ಬಂದಾಗ ನಮ್ಮತ್ತೆನೂ ಹಾಗೇ ಅಂದ್ಕೊಂಡಿರ್ಬೇಕು."

ಅತ್ತೆ ಬೈದಿದ್ದರೆ ಚೆನ್ನಾಗಿತ್ತು, ಮೆರ್ಯೆ ಇನ್ನೂ ಒಂದು ಚಳಿಗಾಲ ಕೈ ಜೋತುಬಿಟ್ಟುಕೊಂಡು ಕಳೆಯುತ್ತಿದ್ದಳು. ಈಗ ತಪ್ಪಿಸಿಕೊಳ್ಳಲು ದಾರಿಯೇ ಉಳಿದಿರಲಿಲ್ಲ. ಅವಳು ಕೋಟು ಬಿಚ್ಚಿ ಮೊಳೆಗೆ ಹಾಕಿದಳು, ಕೈಗೆ ಎಣ್ಣೆ ಸವರಿಕೊಂಡಳು, ಒದ್ದೆಬಟ್ಟೆಯಡಿಯ ಹಿಟ್ಟು ತೆಗೆದು ಹಲಗೆಗೆ ಬಡಿದಳು. ಎಳೆಗಳು ಒಂದೂ ತುಂಡಾಗದೆ ಉದ್ದವಾದವು.

ಜುಬೇರಾ ಬಹಳ ಹೊತ್ತು ಆ ಬಲಗೈಯನ್ನೇ ನೋಡಿದಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದ್ದು ಒಂದೇ ಮಾತು: "ಆ ಬುರುಲ್ ಮುದುಕೀರನ್ನೂ ನೋಡ್ತಾಳಾ?"

ನೋಡುತ್ತಿದ್ದಳು. ಹಬ್ಬ ಕಳೆದ ಮೇಲೆ ಮೆರ್ಯೆಯ ಕುರ್ಚಿಯಲ್ಲಿ ಜುಬೇರಾ ಕೂತಳು. ಮೊದಲ ದಿನ ಗಂಟುಮೋರೆ ಹಾಕಿಕೊಂಡು ಹೋದವಳು ಆಮೇಲಾಮೇಲೆ ಒಳ್ಳೆಯ ರುಮಾಲು ಕಟ್ಟಿಕೊಂಡು ಹೊರಡತೊಡಗಿದಳು. ಬೆರಳುಗಳು ಸ್ವಲ್ಪ ಸಡಿಲವಾದವು. ಒಂದು ದಿನ ಕೆನ್ನೆ ಕೆಂಪಾಗಿಸಿಕೊಂಡು ತಡವಾಗಿ ಬಂದಳು.

"ಆ ರೈಸಾ ಇದಾಳಲ್ಲ, ಬಲು ಬಾಯಿಬಡಕಿ. ಇವತ್ತು ಏನಂದ್ಲು ಗೊತ್ತಾ," ಎನ್ನುತ್ತಲೇ ನಗು ಬಂದು ಮಾತು ಮುಗಿಸಲಾಗಲಿಲ್ಲ.

"ಏನಂದ್ಲು ಅತ್ತೆ?" ಮೆರ್ಯೆ ಹಿಟ್ಟಿನ ಕೈಯಲ್ಲೇ ತಿರುಗಿ ನಿಂತಳು.

ಅಷ್ಟರಲ್ಲಿ ಮುಂದಿನ ಅಂಗಡಿಯಿಂದ ಇಸ್ಮಾರ್ ಕೂಗಿದ, ಇನ್ನೂ ಆರು ತಟ್ಟೆ ಬೇಕಂತೆ. ಮೆರ್ಯೆ ಹಲಗೆಯ ಕಡೆ ತಿರುಗಿದಳು. ಹಿಟ್ಟು ಬಡಿಯುವ ಸದ್ದಿನಲ್ಲಿ ಅತ್ತೆಯ ಮಾತು ಅವಳಿಗೆ ಸರಿಯಾಗಿ ಕೇಳಿಸಲಿಲ್ಲ.