ನಾಲ್ಕು ಕುದುರೆ ಹಿಡಿದವನು

ಹಳೆಯ ಗೆಳೆಯ ಮೊಳೆ ಬೈದು ಆಚೆಗೆ ಅಟ್ಟಿದರೆ ಒಳ್ಳೆಯದು ಎಂದುಕೊಳ್ಳುತ್ತಲೇ ಅವನು ಕನ್ನಡಕದಂಗಡಿಯ ಗಾಜಿನ ಬಾಗಿಲು ತಳ್ಳಿದ. ಬೈಸಿಕೊಂಡರೆ ನಿರಾಳ. ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರೇ ಕಷ್ಟ.

ಮೊಳೆ ಅವನನ್ನು ಮರ್ಯಾದೆಯಿಂದ ಕೂರಿಸಿದ.

"ಬಾರೋ ಪುರಾಣ. ಒಂದ್ನಿಮಿಷ, ಈ ಗಾಜು ಮುಗಿಸ್ತೀನಿ." ತಿರುಗುವ ಸಾಣೆಗೆ ಗಾಜಿನ ಅಂಚು ತಾಗಿಸಿ, ಎತ್ತಿ ನೋಡಿ, ಮತ್ತೆ ತಾಗಿಸಿದ. ಇಪ್ಪತ್ತಾರು ವರ್ಷದ ನಂತರ ನೋಡುತ್ತಿರುವವನ ಗಡಿಬಿಡಿ ಅವನಲ್ಲಿ ಇರಲಿಲ್ಲ. ಆಗ ಕಡ್ಡಿಯಂತಿದ್ದನೆಂದು ಮೊಳೆ ಎಂಬ ಹೆಸರು. ಈಗ ಹೊಟ್ಟೆ ಬಂದಿತ್ತು.

ಬೆಳಿಗ್ಗೆ ಹೆಂಡತಿ ಕೇಳಿದ್ದಳು: "ಯಾರ್ರೀ ಅದು ಮೊಳೆ?"

"ಹಳೇ ಪರಿಚಯ."

"ನಂಗೆ ಯಾವತ್ತೂ ಹೇಳೇ ಇಲ್ಲ."

"ಹೇಳೋ ಅಂಥದ್ದೇನೂ ಇರಲಿಲ್ಲ," ಎಂದು ಅವನು ಬೂಟಿನ ದಾರ ಕಟ್ಟಿಕೊಂಡಿದ್ದ.

ಹೇಳುವಂಥದ್ದು ಇತ್ತು. ಕಾಲೇಜು ಮುಗಿದ ಹೊಸತರಲ್ಲಿ ಐವರು ಭಾನುವಾರಗಳಂದು ಛಾಪಖಾನೆಯ ಮೇಲಿನ ಕೋಣೆಯಲ್ಲಿ ಮೇಜಿನ ಸುತ್ತ ಕೂರುತ್ತಿದ್ದರು. ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ. ನಾಲ್ವರು ಆಡುವವರು, ಕಥೆ ಹೇಳುವವನು ಅವನು. ಅದಕ್ಕೇ ಪುರಾಣ. ಹಾಗೆ ಆಡುತ್ತ ಆಡುತ್ತ ತಾಮ್ರಕೋಟೆ ಎಂಬ ಇಲ್ಲದ ಊರೊಂದನ್ನು ಕಟ್ಟಿದರು. ಅದರ ಗಲ್ಲಿ ಗಲ್ಲಿಯ ನಕ್ಷೆ ಬರೆದವನು ಮೊಳೆ.

ಆಟಕ್ಕೊಂದು ನಿಯಮವಿತ್ತು. ಯಾರಾದರೂ ಬರದಿದ್ದರೆ ಅವರ ಪಾತ್ರವನ್ನು ಸಾಯಿಸಬಾರದು. ಹೊಳೆಬಾಗಿಲಿನ ಹೊರಗೆ ಎಲ್ಲರ ಕುದುರೆ ಕಾಯಲು ಬಿಟ್ಟು ಉಳಿದವರು ಕೋಟೆಯೊಳಗೆ ಹೋಗಬೇಕು. ಸಲೀಸಾದ ನಿಯಮ. ಮಾಡಿದವನು ಅವನೇ.

ಒಂದು ಭಾನುವಾರ ಮೊಳೆ ಬರಲಿಲ್ಲ. "ಕುದುರೆ ಕಾಯ್ತಾನೆ ಬಿಡ್ರೋ," ಎಂದು ಅವನು ದಾಳ ಎತ್ತಿಕೊಂಡ. ಎಲ್ಲರೂ ನಕ್ಕರು. ಮುಂದಿನ ವಾರವೂ ಬರಲಿಲ್ಲ. ಮೂರನೆಯ ವಾರ ಆ ಮಾತನ್ನು ಹೇಳುವ ಅಗತ್ಯವೂ ಬೀಳಲಿಲ್ಲ.

ಆಮೇಲೆ ತಾಮ್ರಕೋಟೆ ಯಾರು ಬೇಕಾದರೂ ಓದಿಕೊಂಡು ಆಡಬಹುದಾದ ಆಟದ ಪುಸ್ತಕವಾಯಿತು, ಅವನೊಬ್ಬನ ಹೆಸರಿನಲ್ಲಿ. ಅದರಲ್ಲೊಂದು ಸಾಲು: 'ಹೊಳೆಬಾಗಿಲ ಮೆಟ್ಟಿಲ ಮೇಲೆ ಒಬ್ಬ ನಾಲ್ಕು ಕುದುರೆ ಹಿಡಿದು ನಿಂತಿದ್ದಾನೆ; ಯಾರನ್ನೂ ಮಾತಾಡಿಸುವುದಿಲ್ಲ.' ಆಡುವ ಜನಕ್ಕೆ ರಾಜನೂ ಹಿಡಿಸಲಿಲ್ಲ, ಮಾಂತ್ರಿಕನೂ ಹಿಡಿಸಲಿಲ್ಲ. ಹಿಡಿಸಿದ್ದು ಈ ಆಸಾಮಿ. ಯಾರವನು, ಯಾರಿಗೆ ಕಾಯುತ್ತಿದ್ದಾನೆ ಎಂದು ಪತ್ರ ಬರೆದರು. ಅವನು ಎಲ್ಲರಿಗೂ ಏನೋ ಗಹನವಾದದ್ದಿದೆ ಎಂಬಂತೆ ಉತ್ತರ ಬರೆದ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಎಂದೋ ಪ್ರತಿಗಳು ಮುಗಿದುಹೋಗಿದ್ದ ಆ ಪುಸ್ತಕಕ್ಕೆ ಮತ್ತೆ ಜೀವ ಕೊಡಲು ಈಗ ಪ್ರಕಾಶನವೊಂದು ಹೊರಟಿತ್ತು. ನಕ್ಷೆಗಳು ಮೊಳೆಯವು, ಅವನ ಸಹಿ ಬೇಕು, ಇವತ್ತೇ ಬೇಕು.

ಮೊಳೆ ಕೈ ಒರೆಸಿಕೊಂಡು ಕಾಗದ ಓದಿದ. ನಿಧಾನವಾಗಿಯೇ ಓದಿದ.

"ಅಮ್ಮ ಆಸ್ಪತ್ರೇಲಿದ್ರು ಆಗ," ಎಂದ. "ಮೂರು ತಿಂಗಳು. ನಮ್ಮ ರೂಮಿಂದ ಎರಡೇ ಬೀದಿ."

"ಹೇಳಬಾರದಿತ್ತೇನೋ?"

"ಕೇಳಬಾರದಿತ್ತಾ?"

ಅವನು ಗೋಡೆಯ ಮೇಲಿದ್ದ ಅಕ್ಷರಗಳ ಪಟ್ಟಿಯ ಕೊನೆಯ ಸಾಲು ಓದಲು ನೋಡಿದ. ಆಗಲಿಲ್ಲ.

"ಹೋಗ್ಲಿ ಬಿಡು," ಎಂದು ಮೊಳೆ ಸಹಿ ಹಾಕಿಯೇಬಿಟ್ಟ. "ಒಂದೇ ಒಂದು ಕೆಲಸ ಮಾಡು. ಹೊಸ ಪುಸ್ತಕದಲ್ಲಿ ಅವನನ್ನ ಒಳಗೆ ಕರ್ಕೋ."

"ಯಾರನ್ನ?"

"ನಾಟಕ ಮಾಡಬೇಡ."

"ಆಯ್ತು," ಎಂದ ಅವನು. "ಖಂಡಿತ."

"ಆರು ಗಂಟೆಗೆ ಫೋನ್ ಮಾಡ್ತೀನಿ. ಬಂದ್ನೋ ಇಲ್ವೋ ಹೇಳು."

ಪ್ರಕಾಶನದ ಕಚೇರಿಯಲ್ಲಿ ಸಂಪಾದಕಿ ಮುಖಪುಟವನ್ನು ಗೋಡೆಗೆ ಅಂಟಿಸಿದ್ದಳು. ಮೆಟ್ಟಿಲು, ಮುಚ್ಚಿದ ಬಾಗಿಲು, ನಾಲ್ಕು ಕುದುರೆಯ ಲಗಾಮುಗಳನ್ನು ಹಿಡಿದು ನಿಂತ ಒಬ್ಬ. ಮುಖ ಬರೆದಿರಲಿಲ್ಲ. ಆಕೆ ಹುಟ್ಟುವ ಹೊತ್ತಿಗಾಗಲೇ ಆ ಕುದುರೆಯವನು ಅಲ್ಲಿ ನಿಂತಿದ್ದ.

"ಇವನನ್ನ ಒಳಗೆ ಕರೆಸೋಣ ಅಂತ," ಎಂದ ಅವನು. "ಒಂದು ಪ್ಯಾರಾ ಸಾಕು. ನಾನೇ ಬರೆದುಕೊಡ್ತೀನಿ."

ಆಕೆ ನಕ್ಕಳು. ಅವನು ನಗಲಿಲ್ಲವೆಂದು ನಿಲ್ಲಿಸಿದಳು. "ಸರ್, ಜನ ಪುಸ್ತಕ ತಗೊಳ್ಳೋದೇ ಇವನಿಗೋಸ್ಕರ. ಒಳಗೆ ಹೋದ್ರೆ ಇನ್ನೇನು ಉಳೀತು?"

"ಅವನು ತುಂಬಾ ದಿನದಿಂದ ನಿಂತಿದ್ದಾನೆ."

"ಅದೇ ಚೆಂದ ಅಲ್ವಾ ಸರ್?"

ಸಹಿಯ ಕಾಗದ ಇನ್ನೂ ಅವನ ಚೀಲದಲ್ಲೇ ಇತ್ತು. ಹಾಗಾದರೆ ಇದನ್ನು ಕೊಡುವುದಿಲ್ಲ ಎಂದರೆ ಆಗಿತ್ತು, ಮೂರೇ ಮಾತು. ಬಾಯಿ ತೆರೆದ. "ನಿಮ್ಮ ಫೋಟೋ ಹಿಂಬದಿಗೆ ಹಾಕ್ತಿದ್ದೀವಿ," ಎಂದಳು ಆಕೆ. ಅವನು ಚೀಲದಿಂದ ಕಾಗದ ತೆಗೆದು ಕೊಟ್ಟ. ಮಡಿಕೆ ಬಿದ್ದಿದ್ದ ಮೂಲೆಯನ್ನು ಬೆರಳಿಂದ ನೇರ ಮಾಡಿಯೂ ಕೊಟ್ಟ.

ಮಧ್ಯಾಹ್ನವೆಲ್ಲ ಹೊಸ ಆವೃತ್ತಿಯನ್ನು ಆಡಿ ನೋಡಿದರು. ಕಥೆ ಹೇಳಿದವಳು ಸಂಪಾದಕಿ. ಅವನ ಜೊತೆ ಚಿತ್ರಕಾರ, ಕರಡು ತಿದ್ದುವವಳು. ತಾಮ್ರಕೋಟೆಯ ಪೇಟೆಬೀದಿಯಲ್ಲಿ ಅವನು ಎಡಕ್ಕೆ ತಿರುಗಿದ.

"ಎಡಕ್ಕೆ ದಾರಿ ಇಲ್ಲ ಸರ್," ಎಂದ ಚಿತ್ರಕಾರ. "ಪುಸ್ತಕದಲ್ಲಿ ಬಾವಿ ಇದೆ."

"ನಾನೇ ಬರೆದದ್ದು."

"ಹೌದು ಸರ್. ಆದ್ರೂ ಬಾವಿ ಇದೆ."

ನೋಡಿದರೆ ಬಾವಿಯೇ ಇತ್ತು. ಆಮೇಲೆ ಅವನು ಹೆಚ್ಚು ಮಾತಾಡಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ.

ಆರಕ್ಕೆ ಐದು ನಿಮಿಷವಿರುವಾಗ ಮೂವರೂ ಎದ್ದರು. "ಮಾಲೀಕರು ಕೆಳಗೆ ಕರೀತಿದ್ದಾರೆ. ಬ್ಯಾಗು ನೋಡ್ಕೋತೀರಾ ಸರ್? ಐದೇ ನಿಮಿಷ," ಎಂದಳು ಸಂಪಾದಕಿ.

ಹೋದರು. ಮೊಳೆಗೆ ಏನು ಹೇಳುವುದು? ಬಂದ ಅಂದರೆ ಮುಖಪುಟ ನೋಡುತ್ತಾನೆ. ಬರಲಿಲ್ಲ ಅಂದರೆ, ಯಾಕೆ ಅನ್ನುತ್ತಾನೆ. ಅನ್ನದೆಯೂ ಇರಬಹುದು. ಅದು ಇನ್ನೂ ಕಷ್ಟ.

ಕಾವಲುಗಾರ ಬೀಗದ ಗೊಂಚಲು ಹಿಡಿದು ಬಂದ. "ಕೋಣೆ ಮುಚ್ಚಬೇಕು ಯಜಮಾನ್ರೆ. ಆಚೆ ನಿಲ್ತೀರಾ?"

"ಇವರೆಲ್ಲ ಕೆಳಗಿದ್ದಾರಲ್ಲ."

"ಅವರು ಹಿಂದಿನ ಬಾಗಿಲಿಂದ ಆಗ್ಲೇ ಹೋದ್ರಲ್ಲ. ಊಟಕ್ಕೆ ಅಂದ್ರು. ಬರ್ತಾರೆ ಬಿಡಿ."

ಮೂರು ಬ್ಯಾಗು, ತನ್ನದೊಂದು. ನಾಲ್ಕರ ಪಟ್ಟಿಗಳನ್ನೂ ಎರಡೂ ಕೈಗೆ ಸುತ್ತಿಕೊಂಡು ಅವನು ಕಟ್ಟಡದ ಮುಂದಿನ ಮೆಟ್ಟಿಲ ಮೇಲೆ ಬಂದು ನಿಂತ. ಹಿಂದೆ ಬಾಗಿಲು ಮುಚ್ಚಿತು. ರಸ್ತೆಯಲ್ಲಿ ಜನ ಮನೆಗೆ ಹೋಗುತ್ತಿದ್ದರು. ಒಬ್ಬಾತ ದಾರಿ ಕೇಳಲೆಂದು ಹತ್ತಿರ ಬಂದವನು, ಇವನ ಮುಖ ನೋಡಿ ಬೇರೆಯವರ ಕಡೆ ಹೋದ.

ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಬ್ಯಾಗು ಕೆಳಗಿಟ್ಟರೆ ಎತ್ತಬಹುದಿತ್ತು. ಅವನು ಪಟ್ಟಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.